ಬಲಗೊಂಬು ಮುರಿದ ಬಸವ

"ಇದು ತಪ್ಪು ಕಣ್ರೀ. ಬಸವನಿಗೆ ಮುರಿದಿರೋದು ಎಡಗೊಂಬು, ಬಲಗೊಂಬಲ್ಲ."

ಮೇಜಿನ ಮೇಲೆ ಸ್ಟಿಕ್ಕರ್ ಜೋಡಿಸುತ್ತಿದ್ದ ನಂದಿತಾಳ ಕೈ ಅಲ್ಲೇ ನಿಂತಿತು. ಮಾತಿಗಲ್ಲ, ಆ ದನಿಗೆ.

ಈ ದನಿ ಅವಳಿಗೆ ಹತ್ತು ವರ್ಷದವಳಿದ್ದಾಗಿನಿಂದ ಗೊತ್ತು. ಆಗ ನಿಟ್ಟೂರಿನಲ್ಲಿ ಪ್ರತಿ ಭಾನುವಾರ ಸಂಜೆ ಐದಕ್ಕೆ ಇಸಾಕ್ ಸಾಬರ ಲೋಕಲ್ ಕೇಬಲ್ ಚಾನಲ್‌ನಲ್ಲಿ ಒಂದು ಜಪಾನಿ ಕಾರ್ಟೂನ್ ಸರಣಿ, ಅನಿಮೆ, ಬರುತ್ತಿತ್ತು. ಚಿತ್ರ ಜಪಾನಿನದು, ಮಾತು ಮಾತ್ರ ನಿಟ್ಟೂರಿನದು. ಕೇಬಲ್ ರೂಮಿನಲ್ಲಿ ಮೈಕ್ ಹಿಡಿದು ಕೂತ ಒಬ್ಬ ಹುಡುಗ ಎಲ್ಲ ಪಾತ್ರಗಳ ಮಾತನ್ನೂ ತಾನೇ ಕನ್ನಡದಲ್ಲಿ ಆಡುತ್ತಿದ್ದ. ಅವನ ಮುಖವನ್ನು ನಂದಿತಾ ನೋಡಿರಲಿಲ್ಲ. ದನಿಯನ್ನು ಮರೆತಿರಲಿಲ್ಲ.

ತಲೆ ಎತ್ತಿದಳು. ಹೆಗಲ ಮೇಲೆ ಇಂಟರ್ನೆಟ್ ವೈರಿನ ಸುರುಳಿ ಹಾಕಿಕೊಂಡ, ಮೂವತ್ತು ದಾಟಿದ ಒಬ್ಬ ಗಂಡಸು ಸ್ಟಿಕ್ಕರ್ ಹಿಡಿದು ನಿಂತಿದ್ದ. ಕಿವಿಯ ಹತ್ತಿರ ಒಂದೆರಡು ನರೆಗೂದಲು, ಕಣ್ಣಲ್ಲಿ ನಗುವಿನಂಥದ್ದೇನೋ.

'ಅಯ್ಯೋ ದೇವರೇ... ಇವನೇ!'

ಸಂತೋಷ ಆಗಬೇಕಿತ್ತು ಅಲ್ಲವೇ? ಬಾಲ್ಯದ ದನಿಯೊಂದು ಕೈಕಾಲು ಮೂಡಿಸಿಕೊಂಡು ಎದುರು ಬಂದು ನಿಂತರೆ ಯಾರಿಗಾದರೂ ಸಂತೋಷವೇ. ನಮ್ಮ ನಂದಿತಾ ಮಾತ್ರ ಮೇಜಿನ ಕೆಳಗೆ ಅಡಗಲು ಜಾಗವಿದೆಯೇ ಎಂದು ನೋಡಿದಳು. ಏಕೆಂದರೆ ಮೂರು ತಿಂಗಳ ಹಿಂದೆ ಈ ದನಿಯನ್ನು ಊರೆಲ್ಲ ಮೋಸಗಾರ ಎಂದು ಕರೆಯುವಂತೆ ಮಾಡಿದ್ದವಳು ಅವಳೇ.

ಆ ಅನಿಮೆಯ ಹೆಸರು 'ಕಡಲಡಿಯ ಕವಚ'. ಇಪ್ಪತ್ತಾರು ಕಂತು. ಸಮುದ್ರದ ಅಡಿಗೆ ಇಳಿಯುವ, ಎರಡು ಕೊಂಬಿನ ಒಂದು ದೈತ್ಯ ಯಂತ್ರ, ಅದನ್ನು ನಡೆಸುವ ಒಬ್ಬ ಹುಡುಗಿ. ನಿಟ್ಟೂರಿನ ದನಿ ಹುಡುಗಿಗೆ ಸಾವಿತ್ರಿ ಎಂದೂ ಯಂತ್ರಕ್ಕೆ ಬಸವ ಎಂದೂ ಹೆಸರಿಟ್ಟಿತ್ತು. ಅದಕ್ಕೂ ಮೊದಲಿನ ಯಂತ್ರದ ಕತೆಗಳಲ್ಲಿ ನಾಯಕನಿಗೆ ಹೆದರಿಕೆ ಎಂಬುದೇ ಇರಲಿಲ್ಲ. ಈ ಸರಣಿಯಲ್ಲಿ ಸಾವಿತ್ರಿಯ ಕೈ ನಡುಗಿತು. ಅವಳು ಯಂತ್ರ ಏರುವ ಮುನ್ನ ಅತ್ತಳು, ಸತ್ತ ಅಪ್ಪನನ್ನು ಕರೆದಳು. ಆಮೇಲೆ ಬಂದ ಎಷ್ಟೋ ಸರಣಿಗಳಲ್ಲಿ ನಾಯಕರು ನಡುಗಲು ಕಲಿತದ್ದು ಅವಳನ್ನು ನೋಡಿಯೇ.

ಇದನ್ನೆಲ್ಲ ನಂದಿತಾ 'ಎರಡು ಕೊಂಬು' ಎಂಬ ತನ್ನ ಯೂಟ್ಯೂಬ್ ಚಾನಲ್‌ನಲ್ಲಿ ಹೇಳುತ್ತಿದ್ದಳು. ಅದರಲ್ಲಿ ಅವಳ ಮುಖವಿಲ್ಲ, ದನಿಯಿಲ್ಲ. ತಾನೇ ಬರೆದ ಚಿತ್ರಗಳು, ಕೆಳಗೆ ಅಕ್ಷರ, ಹಿಂದೆ ಸಂಗೀತ, ಅಷ್ಟೇ. ಹನ್ನೆರಡು ವಿಡಿಯೋಗಳನ್ನು ಯಾರೂ ನೋಡಲಿಲ್ಲ. ಹದಿಮೂರನೆಯದು ಹಬ್ಬಿಬಿಟ್ಟಿತು.

ಅದರ ಹೆಸರು, 'ನಿಟ್ಟೂರಿನ ಕೇಬಲ್‌ನವನು ನಮಗೆ ಮಾಡಿದ ಮೋಸ'.

ಆಗಿದ್ದಿಷ್ಟು. ನಿಟ್ಟೂರಿನಲ್ಲಿ ಬೆಳೆದವರೆಲ್ಲ ಸಾವಿತ್ರಿ ಕೊನೆಯಲ್ಲಿ ಬಸವನ ಜೊತೆ ನೀರಿನಿಂದ ಮೇಲೆ ಬರುತ್ತಾಳೆ ಎಂದೇ ನಂಬಿದ್ದರು. ದೊಡ್ಡವಳಾದ ಮೇಲೆ ನಂದಿತಾ ಮೂಲ ಸರಣಿ ಹುಡುಕಿ ನೋಡಿದಳು. ಸಾವಿತ್ರಿ ಬರುವುದಿಲ್ಲ. ಕೇಬಲ್‌ನವನು ಕೊನೆಯ ನಾಲ್ಕು ನಿಮಿಷ ಕತ್ತರಿಸಿ, ಮೊದಲ ಕಂತಿನಲ್ಲಿ ಬಸವ ನೀರಿನಿಂದ ಏಳುವ ದೃಶ್ಯ ಹಾಕಿ, ಬಾಯಿಗೆ ಬಂದದ್ದು ಹೇಳಿ ಮುಗಿಸಿದ್ದ. ಹದಿನಾರು ವರ್ಷ ಎದೆಯಲ್ಲಿಟ್ಟುಕೊಂಡದ್ದು ಸುಳ್ಳು ಎಂದು ಗೊತ್ತಾದ ರಾತ್ರಿ ಅವಳು ಅತ್ತಿದ್ದಳು. ಬೆಳಗ್ಗೆ ಎದ್ದು ಕೋಪದಲ್ಲೇ ವಿಡಿಯೋ ಮಾಡಿದ್ದಳು. ಜನರಿಗೆ ಇನ್ನೇನು ಬೇಕು, ಬೈಯಲು ಒಂದು ಹೆಸರು ಸಿಕ್ಕಿತು.

ಈಗ ಆ ಹೆಸರಿನವನು ತುಮಕೂರಿನಲ್ಲಿ, ಅನಿಮೆ ಅಭಿಮಾನಿಗಳ ಈ ಕೂಟದಲ್ಲಿ, ಅವಳ ಸ್ಟಿಕ್ಕರ್ ಹಿಡಿದು ನಿಂತಿದ್ದಾನೆ.

"ನೀವು... ನಿಟ್ಟೂರಿನವ್ರಾ?" ಎಂದಳು.

"ಹೂಂ. ಅಂಜನ್ ಅಂತ. ಇಸಾಕ್ ಸಾಬರ ಹತ್ರಾನೇ ಇದೀನಿ. ಆಗ ಕೇಬಲ್, ಈಗ ಇಂಟರ್ನೆಟ್." ಸಾಮಾನು ಕೊಳ್ಳಲು ಬಂದಿದ್ದೆ, ಹಾಗೇ ಒಳಗೆ ಬಂದೆ ಎಂದೂ ಸೇರಿಸಿದ.

ಪಕ್ಕದ ಮೇಜಿನ ಹುಡುಗರಿಗೆ ಅಷ್ಟು ಸಾಕಾಯಿತು. ಆ ಮೋಸದ ಕೇಬಲ್‌ನವನು ನೀನೇನಾ ಗುರು ಎಂದು ಒಬ್ಬ ಕೇಳಿದ. ಇನ್ನೊಬ್ಬ ಫೋನ್ ಎತ್ತಿ ಫೋಟೊ ತೆಗೆದ. ಕೂಟ ನಡೆಸುತ್ತಿದ್ದ ಜೈಬಾ, ನಂದಿತಾಳ ಗೆಳತಿ, ಸಾವಿತ್ರಿಯ ವೇಷದಲ್ಲೇ ಓಡಿ ಬಂದು ಅವರನ್ನು ಗದರಿದಳು. ಅಂಜನ್ ನಕ್ಕ. ಸ್ಟಿಕ್ಕರನ್ನು ಮೇಜಿನ ಮೇಲಿಟ್ಟು ಹೊರಟೇಹೋದ.

ನಂದಿತಾ ಅವನ ಹಿಂದೆ ಬಾಗಿಲವರೆಗೂ ಓಡಿದಳು. ಸ್ಟಿಕ್ಕರ್ ಮುಂದೆ ಚಾಚಿದಳು.

"ತಪ್ಪಿದ್ರೂ ಇಟ್ಕೊಳ್ಳಿ."

ಅವನು ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. "ತಪ್ಪಿರೋದಕ್ಕೇ ಇಟ್ಕೋತೀನಿ," ಎಂದ.

ಆ ದಿನ ಮನೆಗೆ ಬಂದು ಅವಳು ಮೂಲ ಸರಣಿಯನ್ನು ಮತ್ತೆ ತೆರೆದು ನೋಡಿದಳು. ಅವನು ಹೇಳಿದ್ದು ಸರಿ. ಮುರಿದಿದ್ದದ್ದು ಎಡಗೊಂಬೇ. ತಾನು ಮಾತ್ರ ಚಿಕ್ಕಂದಿನಿಂದ ಬಲಗೊಂಬನ್ನೇ ಮುರಿದು ಬರೆಯುತ್ತಿದ್ದೇನೆ. ಏಕೆ? ಅವಳಿಗೆ ಹೊಳೆಯಲಿಲ್ಲ.

ನಂದಿತಾಳಿಗೆ ತುಮಕೂರಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಕೆಲಸ. ನಿಟ್ಟೂರು ಬಿಟ್ಟ ಮೇಲೆ ಮನೆ ಗುಬ್ಬಿಯಲ್ಲಿ, ಅಜ್ಜಿ ಹೊಂಬಾಳಮ್ಮನ ಜೊತೆ. ದಿನಾ ಸಂಜೆಯ ಪ್ಯಾಸೆಂಜರ್ ರೈಲಿನಲ್ಲಿ ವಾಪಸ್ಸು. ಅದೇ ರೈಲು ಗುಬ್ಬಿಯಾದ ಮೇಲೆ ನಿಟ್ಟೂರಿಗೆ ಹೋಗುತ್ತದೆ. ಮುಂದಿನ ವಾರ ಅಂಜನ್ ಅದೇ ಬೋಗಿಯಲ್ಲಿದ್ದ. ಅದರ ಮುಂದಿನ ವಾರವೂ ಇದ್ದ. ಇಸಾಕ್ ಸಾಬರಿಗೆ ಇಷ್ಟೊಂದು ವೈರು ಯಾಕೆ ಬೇಕಾಗುತ್ತಿದೆ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಕಿಟಕಿಯ ಪಕ್ಕ ಕೂತು ಅವರು ಮಾತಾಡಿದ್ದೆಲ್ಲ ಬಸವನ ಬಗ್ಗೆಯೇ. ಇಸಾಕ್ ಸಾಬರು ಬೆಂಗಳೂರಿನ ಫುಟ್‌ಪಾತಿನಿಂದ ಮಕ್ಕಳ ಕಾರ್ಟೂನ್ ಎಂದು ಸಿ.ಡಿ.ಗಳನ್ನು ತಂದದ್ದು, ಹಾಕಿ ನೋಡಿದರೆ ಯಾರಿಗೂ ತಿಳಿಯದ ಭಾಷೆ, ಕೆಳಗೆ ಓಡುವ ಇಂಗ್ಲಿಷ್ ಅಕ್ಷರ. ಕನ್ನಡ ಮೀಡಿಯಂನ ಹದಿನಾರರ ಹುಡುಗ ಅರ್ಧ ಡಿಕ್ಷನರಿ ನೋಡಿ, ಅರ್ಧ ಊಹಿಸಿ ಕತೆ ಕಟ್ಟುತ್ತಿದ್ದ. ನಂದಿತಾ ಕೇಳಿಸಿಕೊಂಡು ನಗುತ್ತಿದ್ದಳು. ನಗುತ್ತಿರುವಾಗಲೇ ಒಳಗೆ ಚುಚ್ಚುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪಾಡು ಅವಳದು. ಅವನು ಕೈಯಲ್ಲಿ ಫೋನ್ ಹಿಡಿದರೂ ಸಾಕು, ಏನು ನೋಡುತ್ತಿದ್ದಾನೆಂದು ಕಳ್ಳಗಣ್ಣಲ್ಲಿ ಇಣುಕುತ್ತಿದ್ದಳು.

ಒಂದು ಸಂಜೆ ಅವಳೇ ಕೇಳಿದಳು. ಈಗ ಮೈಕ್ ಹಿಡಿಯುವುದಿಲ್ಲವೇ?

ಹಿಡಿಯುತ್ತಿದ್ದನಂತೆ. ಪ್ರತಿ ಶನಿವಾರ ಕಡಬದ ಒಂದು ಶಾಲೆಗೆ ಹೋಗಿ ಮಕ್ಕಳಿಗೆ ಕತೆ ಹೇಳುತ್ತಿದ್ದ, ಎಂಟು ವರ್ಷದಿಂದ. ಆ ವಿಡಿಯೋ ಬಂದ ಮೇಲೆ ಒಂದು ಶನಿವಾರ ಒಂದು ಪುಟ್ಟ ಹುಡುಗಿ ಎದ್ದು ನಿಂತು, "ಅಣ್ಣ, ನೀನು ಹೇಳೋ ಕತೆ ಎಲ್ಲಾ ಸುಳ್ಳಂತೆ, ಹೌದಾ?" ಎಂದು ಕೇಳಿತಂತೆ.

"ಮಗು ಬೈಲಿಲ್ಲ, ಸುಮ್ನೆ ಕೇಳ್ತು ಅಷ್ಟೇ," ಎಂದ ಅಂಜನ್. "ನನಗೆ ಉತ್ತರ ಬರ್ಲಿಲ್ಲ. ಆಮೇಲೆ ಹೋಗಿಲ್ಲ. ಮೈಕ್ ಮುಂದೆ ನಿಂತ್ರೆ ಗಂಟಲು ಕಟ್ಟುತ್ತೆ."

ಗುಬ್ಬಿ ಬಂತು. ಇಳಿದ ನಂದಿತಾ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತುಬಿಟ್ಟಳು. ಅಲ್ಲೇ ಕೂತು ವಿಡಿಯೋ ಅಳಿಸಿದಳು. ಅದರಿಂದೇನು ಬಂತು? ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಅದರ ತುಂಡುಗಳನ್ನು ಕತ್ತರಿಸಿಕೊಂಡವರು ನೂರಾರು ಜನ. ಇವಳು ಅಳಿಸಿದ ಮೇಲೂ ಅವು ಓಡಾಡುತ್ತಲೇ ಇದ್ದವು.

'ಹೇಳಿಬಿಡಬೇಕು... ನಾಳೆ ಹೇಳಿಬಿಡ್ತೀನಿ.'

ನಾಳೆ ಬಂತು, ಹೋಯಿತು. ತುಮಕೂರಿನಲ್ಲಿ ರೈಲು ಹತ್ತುವಾಗ ಬಾಯಿಗೆ ಬಂದದ್ದು ಗುಬ್ಬಿ ಬರುವಷ್ಟರಲ್ಲಿ ಗಂಟಲಿಗೆ ಇಳಿದಿರುತ್ತಿತ್ತು. ಹೇಳಿದರೆ ಅವನು ಆ ಬೋಗಿಗೆ ಇನ್ನು ಬರುವುದಿಲ್ಲ. ಹೇಳದಿದ್ದರೆ ಅವನ ಪಕ್ಕ ಕೂತ ಒಂದೊಂದು ನಿಮಿಷವೂ ಕದ್ದದ್ದು. ಅವಳಿಗೆ ಅವನ ಮೇಲೆ ಪ್ರೀತಿಯಾಗಿತ್ತು. ಅದನ್ನು ಒಪ್ಪಿಕೊಳ್ಳುವ ಯೋಗ್ಯತೆಯೂ ತನಗಿಲ್ಲ ಎನ್ನಿಸುತ್ತಿತ್ತು.

ಹೀಗಿರುವಾಗ ಜೈಬಾ ಕುಣಿಗಲ್‌ನಲ್ಲಿ ಮುಂದಿನ ಕೂಟ ಇಟ್ಟಳು. ಅಲ್ಲಿ ಅವಳ ಮಾವನ ಒಂದು ಚಿಕ್ಕ ಹಾಲ್ ಇತ್ತು. 'ಕಡಲಡಿಯ ಕವಚ'ದ ಕೊನೆಯ ಕಂತನ್ನು ಪೂರ್ತಿಯಾಗಿ ಪರದೆಯ ಮೇಲೆ ತೋರಿಸುವುದು ಎಂದು ತೀರ್ಮಾನವಾಯಿತು. ಕನ್ನಡದಲ್ಲಿ ಮಾತು ಹೇಳಲು ಅಂಜನ್‌ನನ್ನು ಕೇಳಿದರು. ಅವನು ಆಗುವುದಿಲ್ಲ ಎಂದ. ಪ್ರೊಜೆಕ್ಟರು, ವೈರು, ಸ್ಪೀಕರು ನೋಡಿಕೊಳ್ಳುತ್ತೇನೆ, ಮೈಕ್ ಮಾತ್ರ ಬೇಡ ಎಂದ.

ಆ ಸಂಜೆ ರೈಲಿನಲ್ಲಿ ಅವನು ವೈರಿನ ಸುರುಳಿಯನ್ನು ಬಿಚ್ಚುತ್ತಾ ಸುತ್ತುತ್ತಾ ಕೂತಿದ್ದ. ಗುಬ್ಬಿ ಹತ್ತಿರವಾದಾಗ ಕೇಳಿದ.

"ನಂದಿತಾ, ನಿಮ್ಮ ಅಜ್ಜೀನ ನೋಡೋಕೆ ಒಂದಿನ ಬರ್ಲಾ? ಸುಮ್ನೆ ನೋಡೋಕಲ್ಲ... ಕೇಳೋಕೆ."

ಇದಕ್ಕಾಗಿ ಅವಳು ಎಷ್ಟು ಸಂಜೆ ಕಾದಿದ್ದಳೋ. ಈಗ ಕೇಳಿದಾಗ ಕಣ್ಣಲ್ಲಿ ನೀರು ತುಂಬಿತು. ಕುಣಿಗಲ್ ಕೂಟ ಮುಗಿಯಲಿ ಎಂದಷ್ಟೇ ಹೇಳಿ ಇಳಿದಳು. ಅವನು ಅದನ್ನು ಹೇಗೆ ಅರ್ಥ ಮಾಡಿಕೊಂಡನೋ, ರೈಲು ಹೊರಟರೂ ಕೈ ಬೀಸಲಿಲ್ಲ.

ಮನೆಯಲ್ಲಿ ಹೊಂಬಾಳಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಂದಿತಾ ಪಕ್ಕದಲ್ಲಿ ಕೂತು ತಾನೂ ಸುಲಿಯತೊಡಗಿದಳು. ನಿಟ್ಟೂರಿನ ಒಬ್ಬರು ಮನೆಗೆ ಬರಬೇಕು ಅಂತಿದ್ದಾರೆ ಎಂದಳು. ಹೆಸರು ಅಂಜನ್, ಕೇಬಲ್‌ನ ಇಸಾಕ್ ಸಾಬರ ಹತ್ತಿರ ಇರುವುದು ಎಂದಳು.

ಅಜ್ಜಿಯ ಕೈಯಲ್ಲಿದ್ದ ಕಾಯಿ ಜಾರಿತು.

"ಕೇಬಲ್ ರೂಮಿನ ಹುಡ್ಗ? ಅವ್ನು ಇನ್ನೂ ನಿಟ್ಟೂರಲ್ಲೇ ಅವ್ನಾ?"

"ನಿನಗೆ ಗೊತ್ತಾ ಅಜ್ಜಿ?"

"ಗೊತ್ತಾ ಅಂತ ಕೇಳ್ತೀಯಲ್ಲ ಮಗ. ಅವತ್ತು ನಿನ್ನ ಬದುಕಿಸಿದೋನು ಅವ್ನೇ ಕಣವ್ವ."

ಆಗ ಅಜ್ಜಿ ಹೇಳಿದ್ದು ಇಷ್ಟು. ನಂದಿತಾಳ ತಾಯಿ ಹೆರಿಗೆಯಲ್ಲೇ ಹೋಗಿದ್ದಳು. ಮಗಳಿಗೆ ಅಪ್ಪ ಶಿವಮೂರ್ತಿಯೇ ಎಲ್ಲ. ಅವಳಿಗೆ ಹತ್ತು ವರ್ಷವಾದಾಗ ಅವನು ಹೈವೇಯಲ್ಲಿ ಅಪಘಾತಕ್ಕೆ ಸಿಕ್ಕಿ ತೀರಿಕೊಂಡ. ಮಗು ಅಳಲಿಲ್ಲ. ಮಾತು ನಿಲ್ಲಿಸಿತು. ಗೋಡೆಯ ಕಡೆ ತಿರುಗಿ ಮಲಗಿದ್ದು ಏಳಲಿಲ್ಲ, ಬಲವಂತಕ್ಕೆ ಎರಡು ಗುಟುಕು ಗಂಜಿ ಬಿಟ್ಟರೆ ಏನೂ ತಿನ್ನಲಿಲ್ಲ. ಭಾನುವಾರ ಬಂದರೆ ಮಾತ್ರ ಬಸವನನ್ನು ನೋಡುತ್ತಿತ್ತು. ಅದೂ ತಿರುಗಿ ಅಲ್ಲ.

"ಗೋಡೆ ಕಡೆ ಬೀರು ಇತ್ತಲ್ಲ, ಕನ್ನಡಿ ಬೀರು. ಆ ಕನ್ನಡೀಲಿ ಟೀವಿ ಕಾಣೋದು. ನೀನು ಹಂಗೇ ಮಲ್ಗಿ ಕನ್ನಡೀಲೇ ನೋಡ್ತಿದ್ದೆ."

ನಂದಿತಾ ತನ್ನ ಬಲಗೈ ನೋಡಿಕೊಂಡಳು. ಕನ್ನಡಿಯಲ್ಲಿ ಎಡ ಬಲವಾಗುತ್ತದೆ. ಹದಿನಾರು ವರ್ಷದಿಂದ ಅವಳ ಕೈ ಮುರಿಯುತ್ತಿದ್ದ ಬಲಗೊಂಬು ಆ ಬೀರುವಿನದು.

"ಆ ದಿನಗಳಲ್ಲಿ ನೀನು ಆಡಿದ್ದು ಒಂದೇ ಮಾತು. ಸಾವಿತ್ರಿ ವಾಪಸ್ ಬರ್ತಾಳಾ ಅಜ್ಜಿ, ಅಂತ. ನಂಗೇನು ಗೊತ್ತು? ಹೋಗಿ ಆ ಹುಡ್ಗನ್ನ ಕೇಳ್ದೆ. ಇಲ್ಲ ಅಜ್ಜಿ, ಅವ್ಳು ಸಾಯ್ತಾಳೆ ಅಂದ. ನಾನು ಕೈ ಮುಗ್ದೆ ಕಣವ್ವ, ಇನ್ನೂ ಮೀಸೆ ಮೂಡದ ಹುಡ್ಗನಿಗೆ. ಕನ್ನಡೀಲಿ ನೋಡ್ಕಂಡು ಮಲ್ಗವ್ಳೆ ನಮ್ಮ ಮಗು, ಸಾವಿತ್ರಿ ಬರ್ಲಿಲ್ಲ ಅಂದ್ರೆ ಇದೂ ಏಳಲ್ಲ ಅಂದೆ. ಅವ್ನು ನನ್ನ ಕೈ ಹಿಡ್ಕಂಡು ಕೆಳಗಿಳಿಸ್ದ. ಆಮ್ಯಾಕೆ, ಬರ್ತಾಳೆ ಬುಡಿ ಅಜ್ಜಿ ಅಂದ."

ಆ ಭಾನುವಾರ ಸಾವಿತ್ರಿ ನೀರಿನಿಂದ ಮೇಲೆ ಬಂದಳು. ಟೀವಿ ಆರಿಸಿದ ಮೇಲೆ ಮಗು ಹಾಸಿಗೆಯ ಮೇಲೆ ಎದ್ದು ಕೂತಿತಂತೆ. ಅಜ್ಜಿಯ ಕಡೆ ತಿರುಗಿ, 'ಅಜ್ಜಿ, ಹಸಿವು' ಎಂದಿತಂತೆ.

ಇಷ್ಟು ಹೇಳಿ ಹೊಂಬಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾರಿಗೂ ಹೇಳಬೇಡ ಎಂದು ಆ ಹುಡುಗನಿಂದ ಮಾತು ತೆಗೆದುಕೊಂಡಿದ್ದಳಂತೆ, ಮಗುವಿಗೆ ಗೊತ್ತಾಗಬಾರದು ಎಂದು.

ನಂದಿತಾ ಎದ್ದು ಹಿತ್ತಲಿಗೆ ಹೋದಳು. ತೊಟ್ಟಿಯ ಪಕ್ಕ ಕೂತು ಬಾಯಿಗೆ ದುಪಟ್ಟಾ ಒತ್ತಿಕೊಂಡು ಅತ್ತಳು. ತನಗಾಗಿ ಹೇಳಿದ ಸುಳ್ಳಿಗೆ ತಾನೇ ಅವನನ್ನು ಊರ ಮುಂದೆ ನಿಲ್ಲಿಸಿದ್ದಳು. ಅವನು ಒಂದೇ ಒಂದು ಮಾತಿನಲ್ಲಿ ತನ್ನ ಮೇಲಿನ ಮಸಿ ಒರೆಸಿಕೊಳ್ಳಬಹುದಿತ್ತು. ಅಜ್ಜಿಗೆ ಕೊಟ್ಟ ಮಾತಿಗಾಗಿ ಒರೆಸಿಕೊಳ್ಳಲಿಲ್ಲ.

ಇನ್ನು ಕಿವಿಯಲ್ಲಿ ಗುಟ್ಟಾಗಿ ಹೇಳಿ ಕ್ಷಮೆ ಕೇಳಿದರೆ ಸಾಲದು ಎಂದು ಅವಳಿಗೆ ಅನ್ನಿಸಿತು. ಎಲ್ಲರ ಮುಂದೆ ಬೈದದ್ದನ್ನು ಎಲ್ಲರ ಮುಂದೆಯೇ ವಾಪಸ್ಸು ತೆಗೆದುಕೊಳ್ಳಬೇಕು. ಆಮೇಲೆ ಅವನು ಬಿಟ್ಟು ಹೋದರೆ ಹೋಗಲಿ.

ಕುಣಿಗಲ್‌ನ ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನ ಎಂಬತ್ತು ಜನ ಸೇರಿದ್ದರು. ಗುಬ್ಬಿ, ತುಮಕೂರಿನವರು, ನಿಟ್ಟೂರಿನವರು. ಹೊಸ ಸರಣಿಗಳ ವೇಷ ಹಾಕಿಕೊಂಡು ಬಂದ ಕಾಲೇಜು ಹುಡುಗಿಯರು. ತಮ್ಮ ಮೆಚ್ಚಿನ ನಾಯಕರೆಲ್ಲ ಯಾರ ಮಕ್ಕಳು ಮೊಮ್ಮಕ್ಕಳು ಎಂದು ನೋಡಲು ಬಂದವರು. ಅಂಜನ್ ಹಿಂದುಗಡೆ ಸ್ಪೀಕರಿನ ಪಕ್ಕ ಬಗ್ಗಿ ಏನೋ ಸರಿಮಾಡುತ್ತಿದ್ದ. ಅವಳ ಕಡೆ ನೋಡಲಿಲ್ಲ.

ಜೈಬಾ ಕಂತು ಶುರು ಮಾಡುವ ಮುನ್ನ ನಂದಿತಾ ಹೋಗಿ ಮೈಕ್ ತೆಗೆದುಕೊಂಡಳು. ಕೈ ನಡುಗುತ್ತಿತ್ತು, ಥೇಟ್ ಸಾವಿತ್ರಿಯ ಹಾಗೆ.

"ಎರಡು ಕೊಂಬು ಚಾನಲ್ ನಂದು. ನಿಟ್ಟೂರಿನ ಕೇಬಲ್‌ನವರು ಮೋಸ ಮಾಡಿದ್ರು ಅಂತ ವಿಡಿಯೋ ಮಾಡಿದ್ದು ನಾನೇ."

ಹಾಲ್‌ನಲ್ಲಿ ಗುಸುಗುಸು ಎದ್ದಿತು. ಅವಳು ನಿಲ್ಲಿಸಲಿಲ್ಲ. ಅಪ್ಪ ಸತ್ತದ್ದನ್ನು ಹೇಳಿದಳು. ಅಜ್ಜಿ ಕೈ ಮುಗಿದದ್ದನ್ನು, ಹದಿನಾರರ ಹುಡುಗ ಒಂದು ಸಾವನ್ನು ಬಚ್ಚಿಟ್ಟದ್ದನ್ನು ಹೇಳಿದಳು.

"ಆ ಸುಳ್ಳು ನನಗೋಸ್ಕರ ಹೇಳಿದ್ದು. ನನಗೆ ಗೊತ್ತಿರ್ಲಿಲ್ಲ, ನಿಜ. ಆದ್ರೆ ಅವ್ರು ಯಾರು ಅಂತ ಗೊತ್ತಾದ ಮೇಲೂ ನಾಲ್ಕು ತಿಂಗಳು ಅವ್ರ ಪಕ್ಕದಲ್ಲೇ ಕೂತು ಬಚ್ಚಿಟ್ಟೆ. ಅದು ಗೊತ್ತಿದ್ದೇ ಮಾಡಿದ್ದು. ಅಂಜನ್ ಅವ್ರೇ, ನಾನು ತಪ್ಪು ಮಾಡಿದೀನಿ."

ಹಿಂದುಗಡೆ ಅಂಜನ್ ನೆಟ್ಟಗೆ ನಿಂತಿದ್ದ. ಅವಳ ಮಾತು ಮುಗಿದದ್ದೇ ತಿರುಗಿ ಬಾಗಿಲು ತಳ್ಳಿ ಹೊರಗೆ ಹೋದ.

'ಮುಗೀತು.'

ನಂದಿತಾ ಮೈಕ್ ಇಟ್ಟು ಮೊದಲ ಸಾಲಿನ ಕುರ್ಚಿಯಲ್ಲಿ ಕುಸಿದಳು. ಏನು ಮಾಡಬೇಕೆಂದು ತೋಚದೆ ಜೈಬಾ ಕಂತನ್ನು ಹಾಕಿಬಿಟ್ಟಳು. ಪರದೆಯ ಮೇಲೆ ಕಡಲು, ಬಸವ, ಕೆಳಗೆ ಓಡುವ ಅಕ್ಷರ. ನಂದಿತಾಳಿಗೆ ಏನೂ ಕಾಣಲಿಲ್ಲ. ಕೊನೆಯ ನಾಲ್ಕು ನಿಮಿಷ ಉಳಿದಾಗ ಇದ್ದಕ್ಕಿದ್ದಂತೆ ಜಪಾನಿ ದನಿ ನಿಂತಿತು.

ಸ್ಪೀಕರಿನಲ್ಲಿ ಗರಗರ ಸದ್ದು. ಆಮೇಲೆ...

"ಬಸವ, ನೀನು ಮಕ್ಕಳನ್ನ ಕರ್ಕೊಂಡು ಮೇಲೆ ಹೋಗು, ಅಂದಳು ಸಾವಿತ್ರಿ."

ನಂದಿತಾ ತಿರುಗಿ ನೋಡಿದಳು. ಇಸಾಕ್ ಸಾಬರ ಕೇಬಲ್ ರೂಮಿನ ಹಳೆಯ ಮೈಕ್ ಹಿಡಿದು, ಅಂಜನ್ ಬಾಗಿಲ ಬಳಿ ನಿಂತಿದ್ದ. ಬೇಡ ಎಂದರೂ ಜೊತೆಗೆ ತಂದಿದ್ದ ಅದನ್ನು ಬೈಕಿನ ಬಾಕ್ಸಿನಿಂದ ತೆಗೆದು, ಅಷ್ಟು ಹೊತ್ತೂ ಹೊರಗೆ ಮೆಟ್ಟಿಲ ಮೇಲೆ ಧೈರ್ಯ ತಂದುಕೊಳ್ಳುತ್ತಾ ಕೂತಿದ್ದನಂತೆ. ಮೊದಲ ಮಾತಿಗೆ ಅವನ ಗಂಟಲು ಕಟ್ಟಿತು. ಎರಡನೆಯದಕ್ಕೆ ಬಿಟ್ಟಿತು. ನಿಟ್ಟೂರಿನವರು ಒಬ್ಬೊಬ್ಬರಾಗಿ ಎದ್ದು ನಿಂತರು.

ಅವನು ಈ ಸಲ ಏನನ್ನೂ ಬದಲಿಸಲಿಲ್ಲ. ಬಸವ ಮಕ್ಕಳನ್ನು ಹೊತ್ತು ಮೇಲೆ ಬಂದ. ಅವನ ಎಡಗೊಂಬು ಮುರಿದಿತ್ತು. ಸಾವಿತ್ರಿ ಕೂರುವ ಜಾಗ ಖಾಲಿಯಿತ್ತು.

"ಸಾವಿತ್ರಿ ಬರ್ಲಿಲ್ಲ. ದಡದಲ್ಲಿ ಅವಳ ತಂಗಿ ತುಂಬಾ ಹೊತ್ತು ನಿಂತಿದ್ದಳು. ಕತ್ತಲಾಗೋ ಮುಂಚೆ ಮನೆ ಕಡೆ ನಡೆದಳು. ಹೋದೋರು ಬರಲ್ಲ. ಆದ್ರೆ ಇರೋರು ಮನೆಗೆ ಹೋಗ್ಬೇಕಲ್ಲ. ಕತೆ ಇಷ್ಟೇ, ಮಕ್ಕಳೇ. ಇದೇ ನಿಜವಾದದ್ದು."

ನಂದಿತಾ ಅತ್ತಳು, ಎಲ್ಲರ ಮುಂದೆ, ನಾಚಿಕೆಯಿಲ್ಲದೆ. ಅಪ್ಪನಿಗಾಗಿ ಅಂದು ಅಳದೇ ಉಳಿದದ್ದೂ ಅದರಲ್ಲಿ ಸೇರಿತ್ತು.

ಜನ ಊಟದ ಕಡೆ ಸರಿದ ಮೇಲೆ ಅವನು ಬಂದು ಪಕ್ಕದ ಕುರ್ಚಿಯಲ್ಲಿ ಕೂತ. ಪರ್ಸಿನಿಂದ ಆ ಸ್ಟಿಕ್ಕರ್ ತೆಗೆದು ಅವಳ ಮಡಿಲಲ್ಲಿಟ್ಟ.

"ಬಸವನ್ನ ಕನ್ನಡೀಲಿ ನೋಡಿದೋರು ನಮ್ಮೂರಲ್ಲಿ ಒಬ್ರೇ. ವಿಡಿಯೋದಲ್ಲಿ ಬಲಗೊಂಬು ಮುರಿದ ಚಿತ್ರ ನೋಡಿದ ದಿನವೇ ಗೊತ್ತಾಯ್ತು, ಬೈತಿರೋದು ಆ ಮಗು ಅಂತ."

"ಗೊತ್ತಿತ್ತಾ...? ಮೊದಲಿಂದಾನೂ? ಕೋಪ ಬರ್ಲಿಲ್ವಾ ನಿಮಗೆ?"

"ಬಂತು, ಎರಡು ದಿನ. ಆಮೇಲೆ, ಗೋಡೆ ಕಡೆ ತಿರುಗಿ ಮಲಗಿದ್ದ ಮಗು ಎದ್ದು ಜಗಳ ಆಡೋವಷ್ಟು ದೊಡ್ಡದಾಗಿದೆಯಲ್ಲ ಅನ್ನಿಸ್ತು. ಕೂಟದ ಪೋಸ್ಟರಲ್ಲೂ ಅದೇ ಬಲಗೊಂಬು ಮುರಿದ ಬಸವ ಕಾಣ್ತು, ಒಂದ್ಸಲ ನೋಡ್ಕೊಂಡು ಹೋಗೋಣ ಅಂತ ತುಮಕೂರಿಗೆ ಬಂದೆ." ಅವನು ನೆಲ ನೋಡಿದ. "ನೋಡಿದ ಮೇಲೆ ಹೋಗೋಕಾಗ್ಲಿಲ್ಲ. ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."

"ಕ್ಷಮಿಸ್ತೀರಾ?"

"ನಾನೂ ಕೇಳ್ಬೇಕು. ಸುಳ್ಳು ಸುಳ್ಳೇ ತಾನೆ. ಶನಿವಾರ ಕಡಬಕ್ಕೆ ಹೋಗಿ ಆ ಪುಟ್ಟ ಹುಡುಗಿಗೂ ಉತ್ತರ ಹೇಳ್ಬೇಕು. ಜೊತೆಗೆ ಬರ್ತೀಯಾ?"

"ಬರ್ತೀನಿ. ಅದಕ್ಕೂ ಮುಂಚೆ ಅಜ್ಜೀನ ಕೇಳೋಕೆ ನೀವು ಬನ್ನಿ."

ಅವನ ಮುಖ ಅರಳಿತು. ಅವಳು ದುಪಟ್ಟಾದಿಂದ ಮುಖ ಒರೆಸಿಕೊಂಡಳು. ಊಟದ ಕಡೆಯಿಂದ ಬಿಸಿ ಅನ್ನದ ವಾಸನೆ ಬಂತು. ಬೆಳಗ್ಗೆಯಿಂದ ಏನೂ ತಿಂದಿಲ್ಲ ಎಂದು ಆಗ ನೆನಪಾಯಿತು.

"ಅಂಜನ್..."

"ಹೂಂ?"

"ಹಸಿವು."

ಅವನು ಎದ್ದು ಕೈ ಚಾಚಿದ. ಅವಳು ಆ ಕೈ ಹಿಡಿದು ಎದ್ದಳು.